ಹಸಿರು ನಿಲ್ದಾಣ, ಬೀಗ ಹಾಕಿದ ಲಿಫ್ಟ್

ಈಗಷ್ಟೇ ರೈಲು ನಿಲ್ದಾಣದಿಂದ ಬಂದು ಕೂತೆ. ತಲೆ ಇನ್ನೂ ಬಿಸಿಯಾಗಿದೆ. ಉದ್ದ ಆದ್ರೆ ಬೈಕೋಬೇಡಿ.

ಹೊಸದಾಗಿ ಬೋರ್ಡ್ ಹಾಕಿದ್ದಾರೆ, 'ಹಸಿರು ನಿಲ್ದಾಣ' ಅಂತ. ಚಾವಣಿ ಮೇಲೆ ಸೋಲಾರ್, ಪ್ಲಾಟ್‌ಫಾರ್ಮ್ ಉದ್ದಕ್ಕೂ ಗಿಡದ ಕುಂಡಗಳು. ನನ್ನ ಗಿಡದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಖುಷಿಯಿಂದಲೇ ಹತ್ತಿರ ಹೋದೆ. ನೋಡಿದರೆ ಕುಂಡಗಳು ಕೂತಿರುವುದು ಹಳದಿ ಉಬ್ಬು ಟೈಲುಗಳ ಮೇಲೆ! ಒಂದಲ್ಲ, ಇಡೀ ಸಾಲು.

ಆ ಟೈಲು ಅಲಂಕಾರಕ್ಕೆ ಹಾಕಿದ್ದಲ್ಲ ಸ್ವಾಮಿ. ಉದ್ದ ಗೆರೆ ಇದ್ದರೆ ನಡೆಯಿರಿ, ಚುಕ್ಕಿ ಸಿಕ್ಕರೆ ನಿಲ್ಲಿ. ಕಣ್ಣು ಕಾಣದವರು ಪಾದದಲ್ಲಿ, ಕೋಲಿನಲ್ಲಿ ಓದಿಕೊಳ್ಳುವ ದಾರಿ ಅದು. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಇದನ್ನು ಕಂಡುಹಿಡಿದರು. 1967ರಲ್ಲಿ ಒಕಾಯಾಮಾದ ಅಂಧರ ಶಾಲೆಯ ಹತ್ತಿರ ಮೊದಲ ಸಲ ಹಾಕಿದರು. ಇಷ್ಟು ವರ್ಷ ಆದ ಮೇಲೂ ನಮ್ಮ ನಿಲ್ದಾಣದವರ ಕಣ್ಣಿಗೆ ಅದು ಕುಂಡ ನೆಟ್ಟಗೆ ಜೋಡಿಸೋಕೆ ಎಳೆದ ಗೆರೆ.

ಲಿಫ್ಟ್ ಕಡೆ ಹೋದೆ. ಬೀಗ. ಅಲ್ಲಿದ್ದವರನ್ನು ಕೇಳಿದರೆ, "ಮಧ್ಯಾಹ್ನ ಆಫ್ ಮಾಡ್ತೀವಿ, ಕರೆಂಟ್ ಉಳೀಬೇಕಲ್ವಾ" ಅಂದರು. ಅವರ ತಲೆ ಮೇಲೆಯೇ ಗೋಡೆಯಗಲದ ಜಾಹೀರಾತಿನ ಪರದೆ ಝಗಝಗ ಉರಿಯುತ್ತಿತ್ತು, ನೋಡೋಕೆ ಒಂದು ನರಪಿಳ್ಳೆ ಇಲ್ಲ. ಅದಕ್ಕೆ ಕರೆಂಟ್ ಬೇಡವಾ?

ರ್‍ಯಾಂಪ್ ಇದೆಯಲ್ಲ ಅನ್ನಬಹುದು. ಇದೆ. 1 ಅಡಿ ಏರೋಕೆ 12 ಅಡಿ ಉದ್ದವಾದರೂ ಇರಬೇಕು ಅನ್ನುವುದು ಬಹಳ ಕಡೆ ಒಪ್ಪಿರುವ ಲೆಕ್ಕ. ಇದು ಮಕ್ಕಳ ಜಾರುಬಂಡೆ. ಗಾಲಿಕುರ್ಚಿ ಇದನ್ನು ಹತ್ತಲ್ಲ, ಇಳಿಯೋದಂತೂ ನೆನೆಸಿಕೊಳ್ಳಲೇಬೇಡಿ.

"ಗಾಲಿಕುರ್ಚಿಯವರು ಎಷ್ಟು ಜನ ಬರ್ತಾರೆ ಮಹಾ?" ಅಂತ ಒಬ್ಬ ಸ್ನೇಹಿತ ಕೇಳೇ ಕೇಳುತ್ತಾನೆ, ನನಗೆ ಗೊತ್ತು. ಬರಲ್ಲಪ್ಪ. ಲಿಫ್ಟಿಗೆ ಬೀಗ ಹಾಕಿ ಬರಲ್ಲ ಅಂದ್ರೆ ಹೆಂಗೆ ಬರ್ತಾರೆ? ಮಂಡಿನೋವಿನವರು, ಬಸುರಿಯರು, ಮಗು ಎತ್ತಿಕೊಂಡು ಎರಡು ಸೂಟ್‌ಕೇಸ್ ಎಳೆಯುವವರು, ಇವರನ್ನೆಲ್ಲ ಯಾವ ಲೆಕ್ಕಕ್ಕೆ ಸೇರಿಸೋಣ?

ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡ್ತೀನಿ. ಅಮ್ಮ ರೈಲು ಹತ್ತೋದನ್ನೇ ಬಿಟ್ಟಿದ್ದು ಈ ಮೆಟ್ಟಿಲಿಗೆ ಹೆದರಿ. ಕಿಟಕಿ ಸೀಟು ಅಂದ್ರೆ ಪ್ರಾಣ ಬಿಡುತ್ತಿದ್ದವಳು. ಈಗ ಎಲ್ಲಿಗೆ ಹೋಗಬೇಕಾದರೂ ಕಾರು. ಒಬ್ಬಳಿಗೋಸ್ಕರ ಒಂದು ಕಾರು, ಅಷ್ಟು ದೂರ, ಅಷ್ಟು ಪೆಟ್ರೋಲು. ರೈಲಿನಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಹೊಗೆ ಕಾರಿಗಿಂತ ಎಷ್ಟೋ ಕಡಿಮೆ. ಹತ್ತುವವರನ್ನು ಮೆಟ್ಟಿಲ ಬುಡದಿಂದಲೇ ಕಾರಿಗೆ ಅಟ್ಟುವ ನಿಲ್ದಾಣ ಅದು ಹೇಗೆ ಹಸಿರು? ಹತ್ತು ಕುಂಡ ಇಟ್ಟರೆ ಆ ಹೊಗೆ ಲೆಕ್ಕಕ್ಕೆ ಬರಲ್ವಾ?

ಸೋಲಾರ್ ಬೇಡ ಅಂತಲ್ಲ ಮಾರಾಯ್ರೇ. ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ನಿಲ್ದಾಣ ಥೇಮ್ಸ್ ನದಿಯ ಸೇತುವೆ ಮೇಲೇ ಇದೆ. ಅದರ ಚಾವಣಿಯಲ್ಲಿ 4,400 ಸೋಲಾರ್ ಪ್ಯಾನಲ್‌ಗಳು. ಕೆಳಗೆ ಲಿಫ್ಟೂ ಇದೆ. ಎರಡನ್ನೂ ಒಟ್ಟಿಗೆ ಮಾಡಬಹುದು ಅಂತ ಆಯ್ತಲ್ಲ. ನಮ್ಮಲ್ಲಿ ಮಾತ್ರ ಫೋಟೋಗೆ ಚೆನ್ನಾಗಿ ಬರುವುದು ಮೊದಲು, ಜನ ಆಮೇಲೆ.

ಈ 'ಹಸಿರು' ಸರ್ಟಿಫಿಕೇಟ್ ಕೊಟ್ಟವರು ಯಾರೋ ಗೊತ್ತಿಲ್ಲ. ಮುಂದಿನ ಸಲ ಬೆಳಗ್ಗೆ ಹಾರ ಹಾಕಿಸಿಕೊಂಡು ಹೋಗಬೇಡಿ. ಲಿಫ್ಟ್ ಆಫ್ ಆಗೋ ಹೊತ್ತಿಗೆ, ಎರಡು ಸೂಟ್‌ಕೇಸ್ ಹಿಡಿದುಕೊಂಡು ಬನ್ನಿ. ಕೂಲಿಯವರನ್ನು ಕರೆಯುವ ಹಾಗಿಲ್ಲ.