ಟಾಪ್ ಇಳಿಸಿ ನೋಡಿದ್ಯಾ?

ಮೊನ್ನೆ ರಾತ್ರಿ ಗೆಳೆಯನೊಬ್ಬ ಫೋನ್ ಮಾಡಿದ್ದ. ಎರಡು ಕಾರು ಓಡಿಸಿ ನೋಡಿ ಬಂದಿದ್ದಾನೆ. ಎರಡೂ ಜಪಾನಿನ ಮಜ್ದಾ ಕಂಪನಿಯ ಎಂಎಕ್ಸ್-5, ಅಂದರೆ ಮೇಲಿನ ಟಾಪನ್ನು ಇಳಿಸಿ ಓಡಿಸಬಹುದಾದ ಎರಡು ಸೀಟಿನ ಸಣ್ಣ ಓಪನ್ ಕಾರು. ಒಂದಕ್ಕೆ ಬಟ್ಟೆ ಟಾಪು, 1.5 ಲೀಟರ್ ಎಂಜಿನ್ನು. ಇನ್ನೊಂದಕ್ಕೆ ಬಟನ್ ಒತ್ತಿದರೆ ತಾನೇ ಮಡಚಿಕೊಳ್ಳುವ ಗಟ್ಟಿ ಟಾಪು, 2 ಲೀಟರ್ ಎಂಜಿನ್ನು. ಅದಕ್ಕೆ ಆರ್‌ಎಫ್ ಅಂತ ಹೆಸರು. ಇವೆರಡು ಸಾಲದು ಅಂತ ಇಪ್ಪತ್ತು ವರ್ಷ ದಾಟಿದ ಹಳೇ ಎಂಎಕ್ಸ್-5 ಒಂದು ಕಣ್ಣಿಗೆ ಬಿದ್ದಿದೆ. ಅದನ್ನೂ ಬಿಡೋಕೆ ಮನಸ್ಸಿಲ್ಲ.

ಅರ್ಧ ಗಂಟೆ ಮಾತಾಡಿದ. ಪವರ್ ಎಷ್ಟು, ಟಾರ್ಕ್ ಎಷ್ಟು, ಯಾವುದರ ಚಕ್ರ ಎಷ್ಟು ಇಂಚು, ಯಾವುದರಲ್ಲಿ ಎಷ್ಟು ಸ್ಪೀಕರ್. ಎಕ್ಸೆಲ್ ಶೀಟ್ ಬೇರೆ ಮಾಡಿಟ್ಟಿದ್ದಾನೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ.

"ಟಾಪ್ ಇಳಿಸಿ ನೋಡಿದ್ಯಾ?"

ಆ ಕಡೆ ಸದ್ದೇ ಇಲ್ಲ.

"ಇಲ್ಲ ಕಣೋ. ಟೈಮ್ ಆಗ್ಲಿಲ್ಲ."

ಅಲ್ಲ ಮಾರಾಯ, ಸಮುದ್ರದ ತನಕ ಹೋಗಿ ಕಾಲು ಒದ್ದೆ ಮಾಡಿಕೊಳ್ಳದೆ ಬಂದೆಯಲ್ಲ! ಫೋನಲ್ಲಿ ಹೇಳಿದ್ದು ಅವನ ತಲೆಗೆ ಹೋಯ್ತೋ ಇಲ್ವೋ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ. ಇಂಥದೇ ಗೊಂದಲದಲ್ಲಿ ಇರುವವರು ಇನ್ನೂ ನಾಲ್ಕು ಜನ ಇರಬಹುದು.

ನನ್ನ ವಾದ ಸರಳ. ಟಾಪ್ ಮುಚ್ಚಿದಾಗ ಓಪನ್ ಕಾರು ಯಾವ ಲೆಕ್ಕದಲ್ಲೂ ಒಳ್ಳೆ ಕಾರಲ್ಲ. ಜಾಗ ಕಮ್ಮಿ, ಸದ್ದು ಜಾಸ್ತಿ, ಹಿಂದೆ ಏನು ಬರ್ತಿದೆ ಅಂತ ಸರಿಯಾಗಿ ಕಾಣಲ್ಲ. ಎನ್‌ಡಿ ಅಂತ ಕರೆಯುವ ಈಗಿನ ಎಂಎಕ್ಸ್-5ರ ಡಿಕ್ಕಿ 130 ಲೀಟರ್. ಎರಡು ಸಣ್ಣ ಬ್ಯಾಗ್ ಹಾಕಿದರೆ ಮುಗೀತು. ಡ್ಯಾಶ್‌ಬೋರ್ಡಲ್ಲಿ ಗ್ಲೋವ್ ಬಾಕ್ಸ್ ಕೂಡ ಇಲ್ಲ, ಕಾಗದಪತ್ರ ಇಡೋಕೆ ಎರಡು ಸೀಟಿನ ಮಧ್ಯೆ ಹಿಂದಕ್ಕೆ ಕೈ ತಿರುಚಬೇಕು. ಇಷ್ಟೆಲ್ಲ ಸಹಿಸಿಕೊಳ್ಳೋದು ಒಂದೇ ಒಂದು ಸುಖಕ್ಕೆ. ಆ ಸುಖ ಟಾಪ್ ಇಳಿಸಿದಾಗ ಮಾತ್ರ ಸಿಗುತ್ತದೆ. ಹಾಗಾಗಿ ಯಾವ ಮಾಡೆಲ್ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ. ಯಾವುದರ ಟಾಪನ್ನು ನೀನು ಜಾಸ್ತಿ ಸಲ ಇಳಿಸ್ತೀಯ?

ಇದು ಸುಮ್ನೆ ತಮಾಷೆಗೆ ಹೇಳಿದ ಮಾತಲ್ಲ. ನನ್ನ ಅನುಭವದಲ್ಲಿ, ಟಾಪ್ ಇಳಿಸೋದು ಒಂದು ಕೆಲಸ ಅನ್ನಿಸಿದರೆ ಇಳಿಸೋದೇ ಇಲ್ಲ. "ಹತ್ತು ನಿಮಿಷದ ದಾರಿ ತಾನೇ, ಇರಲಿ ಬಿಡು" ಅಂತೀವಿ. ಹಾಗೆ ಹತ್ತು ಹತ್ತು ನಿಮಿಷ ಸೇರಿ ಇಡೀ ವರ್ಷ ಕಳೆದುಹೋಗುತ್ತದೆ.

ಎನ್‌ಡಿಯ ಬಟ್ಟೆ ಟಾಪ್ ಹೇಗಿದೆ ಹೇಳ್ತೀನಿ ಕೇಳಿ. ಸಿಗ್ನಲ್ಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಬೆಲ್ಟ್ ಬಿಚ್ಚೋದು ಬೇಡ. ತಲೆ ಮೇಲೆ, ಒಳಗಿನ ಕನ್ನಡಿಯ ಹತ್ತಿರ, ನಡುಮಧ್ಯೆ ಒಂದು ಲಾಕ್ ಇದೆ. ಅದರ ಹಿಡಿ ಎಳೆದು ಟಾಪನ್ನು ಹಿಂದಕ್ಕೆ ತಳ್ಳಿದರೆ ಅರ್ಧ ದಾರಿ ಆದ ಮೇಲೆ ಅದರ ಭಾರಕ್ಕೆ ಅದೇ ಬೀಳುತ್ತದೆ. ಬಿದ್ದಲ್ಲೇ ಅಂಗೈಯಿಂದ ಒಂದು ಸಲ ಅದುಮಿದರೆ ಟಕ್ ಅಂತ ಕೂರುತ್ತದೆ. ಮೇಲೆ ಬೇರೆ ಹೊದಿಕೆ ಹಾಕೋ ರಗಳೆಯೂ ಇಲ್ಲ, ಮಡಚಿದಾಗ ಟಾಪಿನ ಮುಂಭಾಗವೇ ಮೇಲೆ ಬಂದು ಮುಚ್ಚಳದ ಹಾಗೆ ಕಾಣುತ್ತದೆ. ಮೊದಲನೇ ಸಲ ನಾನು ಮಾಡಿದಾಗ ಐದು ಸೆಕೆಂಡು ಹಿಡಿದಿರಬಹುದು. ಕೈ ಪಳಗಿದ ಮೇಲೆ ಅದೂ ಬೇಡ. ಎರಡು ಹನಿ ಮಳೆ ಬಿತ್ತಾ, ಹಾಗೇ ಕೈ ಹಿಂದೆ ಚಾಚಿ ಎಳೆದುಕೊಂಡರೆ ಆಯ್ತು. ಮೋಟಾರಿಲ್ಲ, ವೈರಿಲ್ಲ. ಕೆಡೋಕೆ ಅಂತ ಜಾಸ್ತಿ ಏನೂ ಇಲ್ಲ.

ಆರ್‌ಎಫ್ ಕಥೆ ಬೇರೆ. 2016ರಲ್ಲಿ ನ್ಯೂಯಾರ್ಕ್ ಷೋದಲ್ಲಿ ತೋರಿಸಿದಾಗ ನಾನೂ ಬಾಯಿ ಬಿಟ್ಟುಕೊಂಡು ನೋಡಿದವನೇ. ನಿಂತಿದ್ದಾಗ ಅಷ್ಟು ಚಂದದ ಕಾರು ಕಮ್ಮಿ. ಬಟನ್ ಒತ್ತಿ ಹಿಡಿದುಕೊಂಡರೆ ಸುಮಾರು 13 ಸೆಕೆಂಡಲ್ಲಿ ಹಿಂದಿನ ಭಾಗ ಎದ್ದು, ಟಾಪ್ ಒಳಗೆ ಹೋಗಿ, ಮತ್ತೆ ಎಲ್ಲ ಮುಚ್ಚಿಕೊಳ್ಳುತ್ತದೆ. ನೋಡೋಕೆ ಯಾಂತ್ರಿಕ ನೃತ್ಯ. ಆದರೆ ಆ 13 ಸೆಕೆಂಡು ಗಾಡಿ ಗಂಟೆಗೆ 10 ಕಿಲೋಮೀಟರ್‌ಗಿಂತ ಜಾಸ್ತಿ ಓಡೋ ಹಾಗಿಲ್ಲ. ಸಿಗ್ನಲ್ ಹಸಿರಾದರೆ ಹಿಂದಿನವನ ಹಾರ್ನಿಗೆ ಎದೆ ಧಸಕ್ ಅನ್ನುತ್ತೆ. ಇನ್ನೊಂದು ವಿಷಯ, ಇಳಿಸಿದರೂ ಪೂರ್ತಿ ಇಳಿಯಲ್ಲ. ಭುಜದ ಹಿಂದೆ ಎರಡೂ ಕಡೆ ಗೋಡೆ ಹಾಗೇ ನಿಂತಿರುತ್ತದೆ. ತಲೆ ಮೇಲೆ ಆಕಾಶ ಇದೆ, ಪಕ್ಕದಲ್ಲಿ ಹಿಂದಕ್ಕೆ ತಿರುಗಿದರೆ ಇಲ್ಲ. ಅದು ದೊಡ್ಡ ಕಿಟಕಿ ಅಷ್ಟೇ, ಅಂಗಳ ಅಲ್ಲ. ವೇಗ ಏರಿದ ಹಾಗೆ ಆ ಗೋಡೆಗಳ ಸುತ್ತ ಗಾಳಿ ಸುಳಿಸುತ್ತಿ ಕಿವಿ ಹತ್ತಿರ ಗುಯ್‌ಗುಡುತ್ತದೆ ಅಂತ ಈ ಕಾರನ್ನು ಓಡಿಸಿ ಬರೆದವರು ಹಲವರು ಹೇಳಿದ್ದಾರೆ. ತಮಾಷೆ ಏನಂದ್ರೆ, ಟಾಪ್ ಮುಚ್ಚಿದಾಗ ಬಟ್ಟೆಗಿಂತ ಇದೇ ಸದ್ದು ಕಮ್ಮಿ.

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಇದನ್ನೂ ಹೇಳಬೇಕು. ರಾತ್ರಿಯೆಲ್ಲ ರಸ್ತೆ ಬದಿಯಲ್ಲೇ ಗಾಡಿ ನಿಲ್ಲಿಸುವವರಿಗೆ, ಮನೆಗೆ ಇದೊಂದೇ ಕಾರು ಅನ್ನುವವರಿಗೆ, ದಿನಾ ನೂರಾರು ಕಿಲೋಮೀಟರ್ ಹೈವೇ ಓಡಿಸುವವರಿಗೆ ಆರ್‌ಎಫ್ ಸರಿ. ಬಟ್ಟೆಯನ್ನು ಬ್ಲೇಡಲ್ಲಿ ಸೀಳಬಹುದು. ಆ ಹೆದರಿಕೆಯಲ್ಲಿ ನಿದ್ದೆ ಕೆಡಿಸಿಕೊಳ್ಳುವವರು ಬಟ್ಟೆ ಟಾಪ್ ತಗೊಂಡು ಏನು ಸುಖ? ನನ್ನ ಗೆಳೆಯನಿಗೆ ಶೆಡ್ ಇದೆ, ಬೇರೆ ಕಾರೂ ಇದೆ. ಅದಕ್ಕೇ ಅವನ ಮೇಲೆ ನನಗೆ ಕೋಪ.

ಈಗ ಎಂಜಿನ್. ಅವನ ಎಕ್ಸೆಲ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರೋದು ಇದೇ. 1.5ಕ್ಕೆ 131 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್ ಅಂತಲೇ ಇಟ್ಟುಕೊಳ್ಳಿ). 2.0ಕ್ಕೆ ಮೊದಲು 160 ಇತ್ತು, 2018ರ ಬದಲಾವಣೆ ಆದ ಮೇಲೆ 184. ಸೊನ್ನೆಯಿಂದ ನೂರಕ್ಕೆ 1.5 ಎಂಟು ಸೆಕೆಂಡು ದಾಟಿಸುತ್ತೆ, 184ರ ಕಾರು ಆರೂವರೆಗೆಲ್ಲ ಮುಗಿಸುತ್ತೆ. ಪಿಕಪ್ ವ್ಯತ್ಯಾಸ ಖಂಡಿತ ಗೊತ್ತಾಗುತ್ತೆ, ಇಲ್ಲ ಅನ್ನಲ್ಲ. ಆದರೆ 1.5 ಎಂಜಿನ್ನನ್ನು 7500 ಆರ್‌ಪಿಎಂ ತನಕ ಎಳೆಯಬಹುದು, ಅದೂ ಸಾಮಾನ್ಯ ರಸ್ತೆಯಲ್ಲೇ, ಎರಡನೇ ಗೇರಲ್ಲಿ, ಲೈಸೆನ್ಸ್ ಕಳೆದುಕೊಳ್ಳದೆ. ಪೂರ್ತಿ ಎಳೆದು, ಕ್ಲಚ್ ಒತ್ತಿ, ಮಣಿಕಟ್ಟು ಒಂದಿಷ್ಟು ಅಲ್ಲಾಡಿಸಿದರೆ ಮೂರನೇ ಗೇರ್. ಮತ್ತೆ ಎಳಿ. ನೂರು ಕುದುರೆ ಸುಮ್ನೆ ಲಾಯದಲ್ಲಿ ನಿಲ್ಲಿಸಿಕೊಂಡು ಹೋಗೋದಕ್ಕಿಂತ ಇರೋದನ್ನೆಲ್ಲ ಓಡಿಸೋದು ಖುಷಿ. ಹಳೇ 160ರ 2.0 ಎಂಜಿನ್ 6800ಕ್ಕೇ ಸಾಕು ಅಂತಿತ್ತು. ಅದರ ಮುಂದೆ 1.5 ಅಂತ ಕಣ್ಣು ಮುಚ್ಚಿ ಹೇಳ್ತಿದ್ದೆ. 184ರದ್ದು ಅದೂ 7500ಕ್ಕೆ ಹೋಗುತ್ತೆ, ಹಾಗಾಗಿ ಈಗ ನನ್ನ ದನಿ ಸ್ವಲ್ಪ ಮೆತ್ತಗಾಗಿದೆ. ಬಟ್ಟೆ ಟಾಪಿನ ಜೊತೆ 184 ಸಿಗುವ ದೇಶದಲ್ಲಿದ್ದರೆ ತಗೊಳ್ಳಿ, ಜಗಳ ಇಲ್ಲ. ಅಮೆರಿಕದಲ್ಲಂತೂ ಎನ್‌ಡಿಗೆ 1.5 ಕೊಡೋದೇ ಇಲ್ಲ.

ಆದರೆ ಒಂದು ಮಾತು ನನಗೆ ಯಾವಾಗಲೂ ನೆನಪಾಗುತ್ತೆ. ಎನ್‌ಡಿ ಬಂದಾಗ ಜಪಾನಿನಲ್ಲಿ, ಅಂದರೆ ಮಾಡಿದವರ ಸ್ವಂತ ಊರಿನಲ್ಲಿ, ಬಟ್ಟೆ ಟಾಪಿನ ಕಾರಿಗೆ 1.5 ಮಾತ್ರ ಕೊಟ್ಟರು. 2.0 ಬೇಕು ಅಂದರೆ ಆಮೇಲೆ ಬಂದ ಆರ್‌ಎಫ್ ತಗೋ ಅಂದರು. ಅಲ್ಲಿನ ಎಸ್ ಅನ್ನೋ ಕೆಳಗಿನ ಮಾಡೆಲ್ ಆಗ ತೂಗ್ತಿದ್ದದ್ದು 990 ಕೆಜಿ. ಆರ್‌ಎಫ್ 1100. ನೂರ ಹತ್ತು ಕೆಜಿ ಜಾಸ್ತಿ ಅಂದರೆ ಪಕ್ಕದ ಸೀಟಲ್ಲಿ ಒಬ್ಬ ದಪ್ಪನೆಯ ಮನುಷ್ಯನನ್ನು ಸದಾ ಕೂರಿಸಿಕೊಂಡ ಹಾಗೆ, ಇಳಿ ಅಂದರೂ ಇಳಿಯಲ್ಲ. ಆಮೇಲೆ 2022ರಲ್ಲಿ ಆ 990 ಕೆಜಿಯನ್ನೇ ಹೆಸರಾಗಿಟ್ಟು 990ಎಸ್ ಅಂತ ಒಂದು ಕಾರು ಮಾರಿದರು. ಪವರ್ ಒಂದು ಚೂರೂ ಜಾಸ್ತಿ ಇಲ್ಲ. ಚಕ್ರ ಹಗುರ, ಬ್ರೇಕ್ ಒಳ್ಳೇದು, ಇಂಥ ಸಣ್ಣಪುಟ್ಟ ಬದಲಾವಣೆ ಅಷ್ಟೇ. ತೂಕ ಕಮ್ಮಿ ಅನ್ನೋದನ್ನೇ ಹೆಸರು ಮಾಡಿಕೊಂಡು ಕಾರು ಮಾರೋಕೆ ಧೈರ್ಯ ಬೇಕು, ಅಲ್ವಾ?

ಆ ಧೈರ್ಯ ಅವರಿಗೆ ಮೊದಲಿನಿಂದ ಇತ್ತು. 1989ರ ಫೆಬ್ರವರಿಯಲ್ಲಿ ಶಿಕಾಗೋ ಷೋದಲ್ಲಿ ಮೊದಲ ಎಂಎಕ್ಸ್-5 ತೋರಿಸಿದಾಗ, ಇಂಗ್ಲೆಂಡಿನವರು ಒಂದು ಕಾಲಕ್ಕೆ ಮಾಡ್ತಿದ್ದ ಇಂಥ ಸಣ್ಣ ಓಪನ್ ಕಾರುಗಳು ಹೆಚ್ಚುಕಮ್ಮಿ ಮಾಯವಾಗಿದ್ದವು. ಬಾಬ್ ಹಾಲ್ ಅನ್ನೋ ಅಮೆರಿಕದ ಪತ್ರಕರ್ತ, ಅಂಥದೊಂದು ಮಾಡಿ ಅಂತ ಮಜ್ದಾದವರ ಕಿವಿಗೆ ಹಾಕಿದ್ದ. ಆಮೇಲೆ ಅವನೇ ಅಲ್ಲಿ ಕೆಲಸಕ್ಕೆ ಸೇರಿದ. 1.6 ಲೀಟರ್ ಎಂಜಿನ್, ಅಮೆರಿಕದ ಲೆಕ್ಕದಲ್ಲಿ 116 ಹಾರ್ಸ್‌ಪವರ್, ಒಂದು ಟನ್ನಿಗಿಂತ ಕಮ್ಮಿ ತೂಕ. ಕುದುರೆ, ಸವಾರ ಇಬ್ಬರೂ ಒಂದೇ ಜೀವ ಅನ್ನೋ ಅರ್ಥದಲ್ಲಿ ಜಿನ್‌ಬಾ ಇತ್ತಾಯ್ ಅಂತ ಅವರ ಮಂತ್ರ. 2016ರ ಏಪ್ರಿಲ್‌ಗೆ ಹತ್ತು ಲಕ್ಷನೇ ಕಾರು ಹೊರಬಂತು. ಜಾಸ್ತಿ ಪವರ್ ಇರಲಿ ಅಂತ ಜನ ಮೊದಲ ದಿನದಿಂದ ಕೇಳ್ತಾನೇ ಇದ್ದಾರೆ. ಕೇಳ್ತಾ ಕೇಳ್ತಾ ತಗೊಳ್ತಾನೂ ಇದ್ದಾರೆ.

ಇನ್ನು ಆ ಹಳೇ ಕಾರು. ಎನ್‌ಬಿ ಅಂತಾರೆ, 1998ರಿಂದ 2005ರ ತನಕ ಬಂದ ಎರಡನೇ ತಲೆಮಾರು. ಅದಕ್ಕಿಂತ ಮೊದಲಿನ ಎನ್‌ಎಗೆ ಕಣ್ಣು ತೆರೆದ ಹಾಗೆ ಮೇಲೆದ್ದು ಮತ್ತೆ ಮುಚ್ಚಿಕೊಳ್ಳುವ ಹೆಡ್‌ಲೈಟ್ ಇತ್ತು, ಈಗ ಎಲ್ಲರಿಗೂ ಅದೇ ಬೇಕು. ಆದರೆ ಅದರ ಹಿಂದಿನ ಕಿಟಕಿ ಪ್ಲಾಸ್ಟಿಕ್. ಮಡಚೋ ಮೊದಲು ಜಿಪ್ ಬಿಚ್ಚಿ ಕಿಟಕಿಯನ್ನು ಮೆಲ್ಲಗೆ ಮಲಗಿಸಬೇಕು, ಚಳಿಯಲ್ಲಿ ಗಟ್ಟಿಯಾಗಿದ್ದಾಗ ಮಡಚಿದರೆ ಬಿರುಕು ಬಿಡುತ್ತೆ. ಎನ್‌ಬಿಗೆ ಗಾಜು ಬಂತು. ಎಡಕ್ಕೊಂದು ಬಲಕ್ಕೊಂದು ಲಾಕ್ ಬಿಚ್ಚಿದರೆ ಆಯ್ತು. ನನ್ನ ಲೆಕ್ಕದಲ್ಲಿ ಹೆಡ್‌ಲೈಟಿಗಿಂತ ಆ ಗಾಜು ದೊಡ್ಡದು. ಈ ಮಾತಿಗೆ ಎನ್‌ಎ ಭಕ್ತರು ಕಾಮೆಂಟಲ್ಲಿ ಬಯ್ಯೋದು ಗ್ಯಾರಂಟಿ, ಬಯ್ಯಿರಿ.

ಹಳೇದರ ಶತ್ರು ತುಕ್ಕು. ಅದು ಟಾಪಿನಿಂದಲೇ ಶುರುವಾಗಬಹುದು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಬಟ್ಟೆ ಟಾಪಿನ ಮೇಲೆ ಬಿದ್ದ ನೀರು ಸೀಟಿನ ಹಿಂದೆ ಎರಡು ಮೂಲೆಯಲ್ಲಿರುವ ತೂತಿಗೆ ಇಳಿದು, ಪೈಪಿನಲ್ಲಿ ಹರಿದು, ಹಿಂದಿನ ಚಕ್ರದ ಸ್ವಲ್ಪ ಮುಂದೆ ಕೆಳಗೆ ಸುರಿಯಬೇಕು. ಎಲೆ, ಮಣ್ಣು ಸೇರಿ ಆ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಂತು, ಬಾಗಿಲ ಕೆಳಗಿನ ಉದ್ದನೆ ಪೆಟ್ಟಿಗೆಯಂಥ ಭಾಗವನ್ನು ಒಳಗಿಂದ ತಿನ್ನುತ್ತದೆ. ಹೊರಗೆ ಬಣ್ಣ ಫಳಫಳ, ಒಳಗೆ ಹಪ್ಪಳ. ಹಾಗಾಗಿ ನೋಡೋಕೆ ಹೋಗುವಾಗ ಒಂದು ಬಾಟಲಿ ನೀರು, ಒಂದು ಸಣ್ಣ ಮ್ಯಾಗ್ನೆಟ್ ಜೇಬಲ್ಲಿರಲಿ. ಮಾಲೀಕರನ್ನು ಕೇಳಿ ತೂತಿಗೆ ನಿಧಾನಕ್ಕೆ ನೀರು ಬಿಡಿ, ಬಗ್ಗಿ ನೋಡಿ. ಕೆಳಗೆ ಬಂತಾ, ಒಳ್ಳೇದು. ಬರಲಿಲ್ಲ ಅಂದರೆ ಎಂಜಿನ್ ಸ್ಟಾರ್ಟ್ ಮಾಡಿ ನೋಡೋದೇ ಬೇಡ. ಸೀಟಿನ ಹಿಂದಿನ ಕಾರ್ಪೆಟ್ ಕೆಳಗೆ ಕೈ ಹಾಕಿ, ಒದ್ದೆ ಇದೆಯಾ ಅಂತ. ಬಾಗಿಲ ಕೆಳಗೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿಕೊಳ್ಳದೆ ಜಾರಿದರೆ ಅಲ್ಲಿ ಕಬ್ಬಿಣ ಇಲ್ಲ, ಪುಟ್ಟಿ ಇದೆ.

ಮೂರನೇ ತಲೆಮಾರಿನ ಎನ್‌ಸಿ ಬಗ್ಗೆ ಅವನು ಕೇಳಲಿಲ್ಲ. ಯಾರೂ ಕೇಳಲ್ಲ, ಪಾಪ. ದಪ್ಪ ಅಂತ ಹೆಸರು ಬಿತ್ತು. ಅದಕ್ಕೂ 2006ರಲ್ಲಿ ಗಟ್ಟಿ ಟಾಪ್ ಬಂತು, 12 ಸೆಕೆಂಡಲ್ಲಿ ಮಡಚಿಕೊಳ್ತಿತ್ತು, ಡಿಕ್ಕಿ ಜಾಗವನ್ನೂ ತಿನ್ನಲಿಲ್ಲ, ಇಳಿಸಿದರೆ ಪೂರ್ತಿ ಇಳಿಯುತ್ತಿತ್ತು. ಗಟ್ಟಿ ಟಾಪೇ ಬೇಕು ಅಂತ ಹಟ ಹಿಡಿದವರು ಆರ್‌ಎಫ್‌ಗೆ ಮೊದಲು ಅದನ್ನೊಮ್ಮೆ ನೋಡಬೇಕು.

ಉದ್ದ ಇರುವವರಿಗೆ ಒಂದು ಮಾತು: ಎನ್‌ಡಿಯಲ್ಲಿ ಸ್ಟೇರಿಂಗನ್ನು ಹಿಂದೆ ಮುಂದೆ ಎಳೆದುಕೊಳ್ಳುವ ಸೌಲಭ್ಯ ಬಂದಿದ್ದೇ 2018ರಲ್ಲಿ. ಸೆಕೆಂಡ್ ಹ್ಯಾಂಡ್ ನೋಡೋವಾಗ ಆ ವರ್ಷದ ಈಚೆಯದೋ ಆಚೆಯದೋ ಅಂತ ಕೇಳಿ. ಮೊಣಕಾಲಿಗೆ ಸ್ಟೇರಿಂಗ್ ತಾಗುವ ಕಾರಲ್ಲಿ ಯಾವ ಎಂಜಿನ್ ಇದ್ದರೇನು? ಆಟೋಮ್ಯಾಟಿಕ್ ಕೂಡ ಬರುತ್ತೆ. ಎಡಗಾಲಿಗೆ ತೊಂದರೆ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಆ ಮಾತನ್ನ ನನ್ನ ಹತ್ತಿರ ಆಡಬೇಡಿ.

ಗೆಳೆಯನಿಗೆ ಕೊನೆಗೆ ಹೇಳಿದ್ದು ಇಷ್ಟು. ಶನಿವಾರ ಮತ್ತೆ ಹೋಗು. ಓಡಿಸೋ ಮೊದಲು, ನಿಂತಲ್ಲೇ, ಎರಡೂ ಕಾರಿನ ಟಾಪನ್ನು ಐದೈದು ಸಲ ಇಳಿಸಿ ಏರಿಸು. ಮಾರೋರು ನಗಲಿ, ನಗೋದು ಅವರ ಕೆಲಸ. ಆಮೇಲೆ ಟಾಪ್ ಇಳಿಸಿಕೊಂಡೇ ಹೊರಡು, ಒಂದರ್ಧ ಗಂಟೆ. ಎಕ್ಸೆಲ್ ಮನೆಯಲ್ಲಿರಲಿ.

ಹೂಂ ಅಂದ. ಅರ್ಥ ಆಯ್ತು ಅಂದ. ನಿನ್ನೆ ಮೆಸೇಜ್ ಬಂತು: "ಕೆಂಪು ತಗೊಳ್ಲಾ, ಬೂದಿ ಬಣ್ಣ ತಗೊಳ್ಲಾ?"

ನಾನಿನ್ನೂ ಉತ್ತರ ಕೊಟ್ಟಿಲ್ಲ.