ಐವತ್ತೆರಡು ನಿಮಿಷ, ಮೂವತ್ತು ಸೆಕೆಂಡ್

ಎರಡು ಊರಿನ ಹೆಸರು ಟೈಪ್ ಮಾಡಿದರೆ ಸಾಕು, ದೂರ ಹೇಳುವ ಜಾಲತಾಣಗಳು ಥಟ್ಟನೆ ತೀರ್ಪು ಕೊಡುತ್ತವೆ: 300.00 ಕಿ.ಮೀ., ವಿಮಾನದಲ್ಲಿ 52 ನಿಮಿಷ 30 ಸೆಕೆಂಡ್. ಆ ಮೂವತ್ತು ಸೆಕೆಂಡಿಗೆ ಅಡ್ಡಬೀಳಬೇಕು. ಪೈಲಟ್‌ಗೂ ಗೊತ್ತಿಲ್ಲ, ಏರ್ ಟ್ರಾಫಿಕ್ ಕಂಟ್ರೋಲ್‌ಗೂ ಗೊತ್ತಿಲ್ಲ, ಇವರಿಗೆ ಗೊತ್ತು!

ಗುಟ್ಟೇನೂ ದೊಡ್ಡದಲ್ಲ. ದೂರವನ್ನು ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿ, ವಿಮಾನ ಮೇಲೇರಲು, ಇಳಿಯಲು ಇರಲಿ ಅಂತ ಅರ್ಧ ಗಂಟೆ ಸೇರಿಸಿ. ಇಪ್ಪತ್ತೆರಡೂವರೆಗೆ ಮೂವತ್ತು ಕೂಡಿತು, ವಿಮಾನಯಾನ ಶಾಸ್ತ್ರ ಮುಗಿಯಿತು.

ಆದರೆ ವಿಮಾನ ಆ 800 ಮುಟ್ಟುವುದು ಯಾವಾಗ? 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಅಂದರೆ ಗಂಟೆಗೆ 463 ಕಿ.ಮೀ. ಇಳಿಯುವುದಕ್ಕೆ ಪೈಲಟ್‌ಗಳ ಬಾಯಿಲೆಕ್ಕವೊಂದಿದೆ: ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 35,000 ಅಡಿಯಿಂದ ಇಳಿಯಲು 105 ನಾಟಿಕಲ್ ಮೈಲಿ, ಹತ್ತಿರ ಹತ್ತಿರ 195 ಕಿ.ಮೀ. ಏರಲೂ ಹೆಚ್ಚುಕಡಿಮೆ ಅಷ್ಟೇ ಬೇಕು. ಇಡೀ ದಾರಿಯೇ 300 ಇದ್ದರೆ ಅಷ್ಟೆತ್ತರ ಏರುವ ಮೊದಲೇ ಇಳಿಯಲು ಶುರು ಮಾಡಬೇಕು. ಅದೇ ದಾರಿಗೆ ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನ ಎಟಿಆರ್ 72 ಬಂದರಂತೂ ಅದರ ಗರಿಷ್ಠ ಓಟವೇ ಗಂಟೆಗೆ 500ರ ಆಸುಪಾಸು.

ಇನ್ನು ದಶಮಾಂಶದ ವೈಭವ. ಭೂಮಿ 6,371 ಕಿ.ಮೀ. ತ್ರಿಜ್ಯದ ಪಕ್ಕಾ ಗೋಳ ಅಂದುಕೊಂಡು ಅಳೆದದ್ದಿದು. ಅಸಲಿಗೆ ಸಮಭಾಜಕದಲ್ಲಿ 6,378, ಧ್ರುವದಲ್ಲಿ 6,357. ಈ ಚಪ್ಪಟೆತನವೊಂದರಿಂದಲೇ ಸಾವಿರ ಕಿ.ಮೀ.ಗೆ ನಾಲ್ಕೈದು ಕಿ.ಮೀ.ವರೆಗೆ ಹೆಚ್ಚುಕಡಿಮೆ ಆಗಬಹುದು. ಆದರೂ ಹತ್ತು ಮೀಟರಿನ ಲೆಕ್ಕ ಬಿಡುವವರಲ್ಲ. ಅಳತೆಯೂ ಊರಿನ ನಡುಮಧ್ಯದಿಂದ ಊರಿನ ನಡುಮಧ್ಯಕ್ಕೆ. ವಿಮಾನ ಮಾರುಕಟ್ಟೆ ಚೌಕದಿಂದಲೇ ಹಾರುತ್ತದೇನೋ! ರನ್‌ವೇಯೇ ಇಲ್ಲದ ಊರಿಗೂ ಸೆಕೆಂಡ್ ಸಮೇತ ಸಮಯ ಸಿಗುತ್ತದೆ.

ಗಾಳಿ ಲೆಕ್ಕಕ್ಕೇ ಇಲ್ಲ. ಹೋಗಲೂ ಅಷ್ಟೇ, ಬರಲೂ ಅಷ್ಟೇ. 2020ರ ಫೆಬ್ರುವರಿಯಲ್ಲಿ ಜೆಟ್ ಸ್ಟ್ರೀಮ್ ಎಂಬ ಎತ್ತರದ ಬಿರುಗಾಳಿ ಹಿಂದಿನಿಂದ ತಳ್ಳಿದ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತು. ಎದುರುಗಾಳಿಯಲ್ಲಿ ವಾಪಸ್ ಹೋಗಲು ಏಳು ಗಂಟೆ ದಾಟುವುದು ಮಾಮೂಲು. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ್ದೇ ತಡ, ಹೆಲ್ಸಿಂಕಿ–ಟೋಕಿಯೊ ಹಾರಾಟ ಒಂಬತ್ತು ಚಿಲ್ಲರೆ ಗಂಟೆಯಿಂದ ಹದಿಮೂರರ ಆಸುಪಾಸಿಗೆ ಹೋಯಿತು. ಭೂಪಟದ ಗೆರೆ ಮಾತ್ರ ಇದ್ದಲ್ಲೇ ಇದೆ.

ಹಾಗಾದರೆ ಟಿಕೆಟ್ ನಂಬೋಣವೇ? ಅಲ್ಲಿ ಉಲ್ಟಾ ಜಾಣತನ. ಅದರಲ್ಲಿರುವುದು ಬ್ಲಾಕ್ ಟೈಮ್: ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗೆ. ರನ್‌ವೇವರೆಗಿನ ತೆವಳಾಟ, ಸರದಿ, ಇಳಿಯುವ ಮುನ್ನದ ಸುತ್ತಾಟ ಎಲ್ಲ ಸೇರಿಸಿ, ತಡವಾದರೂ ಇರಲಿ ಅಂತ ಮೇಲೊಂದಿಷ್ಟು ಹೆಚ್ಚುವರಿ ನಿಮಿಷಗಳ ಪ್ಯಾಡಿಂಗ್ ತುಂಬುತ್ತಾರೆ. ಅಷ್ಟಾದ ಮೇಲೂ 15 ನಿಮಿಷದೊಳಗಿನ ವಿಳಂಬ ಉದ್ಯಮದ ಭಾಷೆಯಲ್ಲಿ ‘ಆನ್ ಟೈಮ್’. ಹಾಗಾಗಿಯೇ ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ಐದು ನಿಮಿಷ ಮುಂಚಿತವಾಗಿ ನೆಲ ಮುಟ್ಟುತ್ತದೆ, ಕ್ಯಾಪ್ಟನ್ ಮೈಕ್‌ನಲ್ಲಿ ಅದನ್ನು ಹೆಮ್ಮೆಯಿಂದ ಸಾರುತ್ತಾರೆ. ಆಮೇಲೆ ವಿಮಾನ ನಿಲ್ಲಿಸುವ ಜಾಗ (ಬೇ) ಖಾಲಿಯಿಲ್ಲವೆಂದು ಟ್ಯಾಕ್ಸಿವೇಯಲ್ಲೇ ಠಿಕಾಣಿ. ಸೀಟ್ ಬೆಲ್ಟ್ ದೀಪ ಆರುವ ಮೊದಲೇ ಎದ್ದು ಬ್ಯಾಗ್ ಇಳಿಸಿಕೊಂಡವರು, ಲಗೇಜ್ ಗೂಡಿನ ಕೆಳಗೆ ಕತ್ತು ವಾರೆ ಮಾಡಿಕೊಂಡು ನಿಂತಿರುತ್ತಾರೆ.