ಸಾಯ್ಬನ ಕೆಟಲ್

ಕಾರವಾರದ ಹಳೇ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಆ ಚಹಾ ಕೆಟಲ್ ಕಪ್ಪಗೆ ಕೂತಿತ್ತು. ತಳದಲ್ಲಿ ‘ಇ.ಪಿ.ಎನ್.ಎಸ್.’ ಎಂಬ ಮುದ್ರೆ. “ಸಾಯ್ಬನ ಇನಿಶಿಯಲ್ಲು. ಇಂಗ್ಲಿಷರ ಕಾಲದ ಬೆಳ್ಳಿ” ಎಂದ ಅಂಗಡಿಯವ. ನಂಬಿದೆ. ಸಾಯ್ಬನ ಸಾಮಾನಿಗೆ ಚೌಕಾಸಿ ಮಾಡಿದರೆ ಚೆಂದವಾ? ಕೇಳಿದಷ್ಟು ಕೊಟ್ಟೆ.

ದೇವಿಮನೆ ಘಟ್ಟದ ತಿರುವುಗಳಲ್ಲೆಲ್ಲ ತೊಡೆಯ ಮೇಲೆ ಅಪ್ಪಿ ಹಿಡಿದು ಶಿರಸಿ ಮುಟ್ಟಿಸಿದೆ. ಆಯಿ ಕನ್ನಡಕ ಏರಿಸಿ ನೋಡಿದಳು.

“ಬೆಳ್ಳಿ ಹೇಳ್ತಾ ಹಂಡೆ ತಳ ತಂದ್ಯಲೋ ತಮಾ!”

ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಆ ನಾಲ್ಕಕ್ಷರ ಯಾವ ಸಾಯ್ಬನದೂ ಅಲ್ಲ. ಎಲೆಕ್ಟ್ರೋಪ್ಲೇಟೆಡ್ ನಿಕಲ್ ಸಿಲ್ವರ್ ಅಂತೆ. ಅಂದರೆ ನಮ್ಮ ಜರ್ಮನ್ ಸಿಲ್ವರ್. ತಾಮ್ರ, ಸತು, ನಿಕಲ್ ಸೇರಿದ ಅದರಲ್ಲಿ ಬೆಳ್ಳಿ ಚೂರೂ ಇಲ್ಲ. ಬೆಳ್ಳಿ ಏನಿದ್ದರೂ ಮೇಲಿನ ತೆಳ್ಳನೆ ಲೇಪ. 1840ರಲ್ಲೇ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ಪೇಟೆಂಟ್ ಪಡೆದ ಕಸುಬು. ಆಯಿಗೆ ಹೇಳಲಿಲ್ಲ. ರೇಟು ಕೇಳುತ್ತಾಳೆ.

ತಿಕ್ಕಿದರೆ ಲೇಪ ಹೋಗುತ್ತದೆ, ತಿಕ್ಕದೇ ತೊಳೆಯಬೇಕು. ಉಪಾಯವೂ ಸಿಕ್ಕಿತು. ಬೋಗುಣಿಗೆ ಚಪಾತಿ ಸುತ್ತುವ ಫಾಯಿಲ್ ಹಾಸಿ, ಕೆಟಲ್ ಅದಕ್ಕೆ ತಾಗುವಂತೆ ಇಟ್ಟು, ಕುದಿನೀರು, ಅಡಿಗೆ ಸೋಡಾ, ಉಪ್ಪು ಹಾಕುವುದು. ಬೆಳ್ಳಿಗೆ ಹತ್ತಿದ ಗಂಧಕ ಅಲ್ಯೂಮಿನಿಯಮ್ಮಿಗೆ ದಾಟುತ್ತದೆ, ಬೆಳ್ಳಿ ಅಲ್ಲೇ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಮಾಡಿದೆ. ಕಪ್ಪು ಕರಗತೊಡಗಿತು. ಖುಷಿಯಲ್ಲಿ ಬಗ್ಗಿ ನೋಡುತ್ತಿದ್ದಾಗ ಒಂದು ವಾಸನೆ ಎದ್ದಿತು. ಅಚ್ಚ ಕೊಳೆತ ಮೊಟ್ಟೆಯದು!

ನಮ್ಮದು ಈರುಳ್ಳಿಯನ್ನೂ ಹಬ್ಬದ ದಿನ ಹೊರಗಿಡುವ ಮನೆ. ಆಯಿ ದೇವರ ಕೋಣೆಯಿಂದಲೇ ಕೂಗಿದಳು.

“ತಮಾ, ಒಳಗೆ ಮೊಟ್ಟೆ ತಂದ್ಯನೋ?”

“ಇಲ್ಲೆ ಆಯಿ, ಅದು ಗಂಧಕ.”

“ಹಂಗಾರೆ ಗಂಧಕ ಎಂತಕ್ಕೆ ತಂದೆ?”

ಬಾಗಿಲಿಗೆ ಬಂದವಳು ಸೆರಗಿನಿಂದ ಮೂಗು ಮುಚ್ಚಿ, ಬೋಗುಣಿ, ನನ್ನ ಮುಖ, ಮತ್ತೆ ಬೋಗುಣಿ ನೋಡಿದಳು. ಕಪಾಟಿನಲ್ಲಿ ಮೊಟ್ಟೆ ಹುಡುಕಿದಳು. ಸಿಗದಿದ್ದದ್ದಕ್ಕೆ ಅನುಮಾನ ಇನ್ನೂ ಜಾಸ್ತಿಯಾಯಿತು.

ನಾನು ಸ್ನಾನಕ್ಕೆ ಹೋದದ್ದೇ ತಪ್ಪು. ಬರುವಷ್ಟರಲ್ಲಿ ಆಯಿ ಬಾವಿಕಟ್ಟೆಯಲ್ಲಿದ್ದಳು. ಎದುರಿಗೆ ಕೆಟಲ್, ವಾಟೆಹುಳಿ, ಒಲೆಬೂದಿ, ತೆಂಗಿನ ನಾರು. ಮೈಲಿಗೆಯಾದ ಪಾತ್ರೆಯನ್ನು ಸುಮ್ನೆ ಬಿಡುವ ಜೀವ ಅದಲ್ಲ. ಬಳೆ ಮೇಲಕ್ಕೆ ಸರಿಸಿ, ನಾಲ್ಕು ತಲೆಮಾರಿನ ಹಿತ್ತಾಳೆ ಬೆಳಗಿದ ಕೈಯಿಂದ ಗಸಗಸ ತಿಕ್ಕುತ್ತಿದ್ದಳು. ಕೆಟಲಿನ ಹೊಟ್ಟೆಯ ಮೇಲೆ ರೊಟ್ಟಿಯಗಲ ಮಾಸಲು ಹಳದಿ ಮೂಡಿತ್ತು. ಬೆಳ್ಳಿ ಬೂದಿನೀರಿನ ಜೊತೆ ಅಡಿಕೆ ಮರದ ಬುಡ ಸೇರಿತ್ತು.

“ನೋಡು, ಈಗ ಬಣ್ಣ ಬಂತು!”

ತಡೆಯಲಾಗದೆ ನಿಜ ಹೇಳಿದೆ. “ಆಯಿ, ಅದು ಜರ್ಮನ್ ಸಿಲ್ವರ್.”

ಆಯಿಯ ಕೈ ನಿಂತಿತು.

“ಜರ್ಮನಿಯವಂದಾ? ಇಂಗ್ಲಿಷ್ ಸಾಯ್ಬಂದು ಹೇಳಿದ್ಯಲೋ!”